ದೈತ್ಯ ಯಂತ್ರಕ್ಕೆ ಮೊದಲು ನಮ್ಮ ಇಳಿಜಾರು ತೋರಿಸೋಣ

ಮನುಷ್ಯನೊಬ್ಬ ಒಳಗೆ ಕುಳಿತು ನಡೆಸುವ, ಎರಡಾಳು ಎತ್ತರದ, ಕಾಲೆತ್ತಿ ನಡೆಯುವ ಯಂತ್ರಮಾನವನನ್ನು ಮನೆಯ ಹಿತ್ತಿಲಲ್ಲೇ ಕಟ್ಟಬೇಕೆಂಬ ಹಂಬಲ ಇಂದು ಹಲವು ದೇಶಗಳ ತರುಣರಿಗಿದೆ. ನಮ್ಮ ಮಕ್ಕಳೂ ಮೊಬೈಲಿನಲ್ಲಿ ಅಂಥ ಚಿತ್ರ ನೋಡಿ, ಇಂಥದೊಂದಿದ್ದರೆ ತೋಟಕ್ಕೆ ಆಳು ಹುಡುಕುವ ಪಾಡು ತಪ್ಪೀತು ಎನ್ನುತ್ತಾರೆ. ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ನಗುವುದೂ ಬೇಡ, ನಂಬಿ ಹಣ ಸುರಿಯುವುದೂ ಬೇಡ. ಬೆಳೆಗಾರರಾದ ನಾವು ಲೆಕ್ಕ ಹಾಕಿ ನೋಡೋಣ.

ಈ ಆಸೆ ಹೊಸದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರಾಲ್ಫ್ ಮೋಷರ್ ಎಂಬ ಎಂಜಿನಿಯರರು 1960ರ ದಶಕದಲ್ಲಿ ಸೈನ್ಯಕ್ಕಾಗಿ ನಾಲ್ಕು ಕಾಲಿನ ನಡೆಯುವ ವಾಹನವೊಂದನ್ನು ಕಟ್ಟಿದರು. ಚಾಲಕನ ಕೈಗಳು ಮುಂಗಾಲುಗಳನ್ನೂ ಕಾಲುಗಳು ಹಿಂಗಾಲುಗಳನ್ನೂ ಆಡಿಸಬೇಕಿತ್ತು. ಯಂತ್ರ ನಡೆದದ್ದು ನಿಜ. ಆದರೆ ಸ್ವಲ್ಪ ಹೊತ್ತಿಗೇ ಚಾಲಕ ದಣಿಯುತ್ತಿದ್ದ. ಸೈನ್ಯ ಅದನ್ನು ಬಳಕೆಗೆ ತರಲಿಲ್ಲ. ಜಪಾನಿನ ಕೋಗೊರೊ ಕುರಾಟ ಎಂಬ ಕಮ್ಮಾರ ಕಲಾವಿದ 2012ರಲ್ಲಿ ಸುಮಾರು 4 ಮೀಟರ್ ಎತ್ತರದ ಯಂತ್ರಮಾನವನನ್ನು ತೋರಿಸಿದ. ಅದಕ್ಕೆ ಕಾಲುಗಳಿದ್ದರೂ ಪಾದದ ಜಾಗದಲ್ಲಿ ಗಾಲಿಗಳಿದ್ದವು. ಅದು ಉರುಳುತ್ತಿತ್ತೇ ಹೊರತು ನಡೆಯುತ್ತಿರಲಿಲ್ಲ.

ನಮ್ಮ ಕೆಲಸಕ್ಕೆ ಹತ್ತಿರ ಬಂದದ್ದು ಫಿನ್ಲೆಂಡಿನ ಪ್ಲಸ್ಟೆಕ್ ಸಂಸ್ಥೆಯ ಯಂತ್ರ. ಕಾಡಿನಲ್ಲಿ ಮರ ಕಡಿಯಲೆಂದು 1990ರ ದಶಕದಲ್ಲಿ ಕಟ್ಟಿದ ಇದಕ್ಕೆ ಆರು ಕಾಲು. ಚಾಲಕ ಹಿಡಿಕೆಯಿಂದ ದಿಕ್ಕು ತೋರಿದರೆ ಸಾಕು, ಯಾವ ಕಾಲನ್ನು ಯಾವಾಗ ಎತ್ತಬೇಕೆಂಬುದನ್ನು ಗಣಕಯಂತ್ರ ನೋಡಿಕೊಳ್ಳುತ್ತಿತ್ತು. ಗಾಲಿಯಂತೆ ನೆಲವನ್ನು ಉದ್ದಕ್ಕೂ ತುಳಿದು ಬೇರು ಕೆಡಿಸಬಾರದೆಂಬುದು ಅದರ ಉದ್ದೇಶ. ಇಷ್ಟು ಒಳ್ಳೆಯ ಯೋಚನೆಯಿದ್ದರೂ ಅದು ಮಾರಾಟಕ್ಕೆ ಬರಲಿಲ್ಲ. ದೊಡ್ಡ ಸಂಸ್ಥೆಯ ಬೆಂಬಲವಿದ್ದ ಯಂತ್ರದ ಗತಿಯೇ ಹೀಗಾದರೆ, ಹಿತ್ತಿಲಿನ ಯಂತ್ರದ ಗತಿಯೇನು?

ಕಾರಣ ಭಾರದಲ್ಲಿದೆ. ಯಂತ್ರದ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿ ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಪಾದದ ವಿಸ್ತೀರ್ಣ ನಾಲ್ಕೇ ಪಟ್ಟು. ಎರಡು ಟನ್ ತೂಕದ, ಎರಡು ಕಾಲಿನ ಯಂತ್ರಕ್ಕೆ 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಪಾದವಿದೆ ಎನ್ನಿ. ಒಂದು ಕಾಲೆತ್ತಿದಾಗ ಚದರ ಸೆಂಟಿಮೀಟರಿಗೆ 1.6 ಕಿಲೋಗ್ರಾಮಿಗೂ ಮಿಕ್ಕ ಭಾರ ಬೀಳುತ್ತದೆ. 60 ಕಿಲೋ ತೂಕದ ಆಳು ಒಂದು ಕಾಲಮೇಲೆ ನಿಂತಾಗ ಬೀಳುವುದು ಇದರ ಕಾಲು ಭಾಗದಷ್ಟು. ಆಷಾಢದ ಮಳೆಯಲ್ಲಿ ನೆನೆದ ಖಾನಾಪುರದ ಮಣ್ಣಿನಲ್ಲಿ ಆ ಪಾದ ಎಲ್ಲಿಯವರೆಗೆ ಇಳಿದೀತೆಂದು ನಾನು ಹೇಳಬೇಕಾಗಿಲ್ಲ. ಅಡಿಕೆಯ ಬೇರುಗಳ ಬಹುಪಾಲು ಬುಡದಿಂದ ಒಂದು ಮೀಟರಿನೊಳಗೇ ಇರುತ್ತವೆ. ಗಿಡದಿಂದ ಗಿಡಕ್ಕೆ 2.7 ಮೀಟರ್ ಅಂತರದ ತೋಟದಲ್ಲಿ ದೈತ್ಯ ತಿರುಗುವುದಾದರೂ ಎಲ್ಲಿ? ಇಳಿಜಾರಿನಲ್ಲಿ ಮಗುಚಿದರೆ ಒಳಗೆ ಕುಳಿತವನ ಪಾಡೇನು?

ಹಾಗಾದರೆ ಮನೆಯಲ್ಲಿ ಯಂತ್ರ ಕಟ್ಟುವುದೇ ವ್ಯರ್ಥವೇ? ಅಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕರಾದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕನ್ನು ರೂಪಿಸಿದರು. 2019ರಲ್ಲಿ ಅದು ದೇಶದ ಗಮನ ಸೆಳೆಯಿತು. ಪೆಟ್ರೋಲ್ ಎಂಜಿನ್, ಸೀಟು, ಬ್ರೇಕು, ಸೊಂಟದ ಪಟ್ಟಿ, ಒಟ್ಟು ತೂಕ 30 ಕಿಲೋದೊಳಗೆ. ಮನುಷ್ಯನನ್ನು ಹೊತ್ತು ಸಾಗುವ ಯಂತ್ರ ಇದೂ ಹೌದು. ಆದರೆ ಇದು ಹುಟ್ಟಿದ್ದು ಚಿತ್ರ ನೋಡಿದ ಆಸೆಯಿಂದಲ್ಲ, ಮರ ಏರುವವರು ಸಿಗದ ಕಷ್ಟದಿಂದ. ಬೋರ್ಡೊ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, 40–45 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯದಿದ್ದರೆ ಕೊಳೆರೋಗ ಬಿಡುವುದಿಲ್ಲ. ಆ ಎರಡನೆಯ ಸಲಕ್ಕೆ ಕಾಂಡ ಜಾರುತ್ತಿರುತ್ತದೆ; ಏರಿದವನ ಜೀವ ಅವನ ಕಾಲ್ತಳೆಯಲ್ಲಿರುತ್ತದೆ. ಈ ಬೈಕಿಗೂ ಮಿತಿಯಿದೆ: ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಅದನ್ನು ಕಟ್ಟಲಾಗದು. ಮಿತಿ ತಿಳಿದೇ ಬಳಸಬೇಕು.

ಇಲ್ಲಿ ಬೆಳಗಾವಿಗೆ ಒಂದು ಅನುಕೂಲವಿದೆ. ಉದ್ಯಮಬಾಗದಲ್ಲಿ ಎರಕದ ಮನೆಗಳೂ ಹೈಡ್ರಾಲಿಕ್ ಪಂಪು, ಸಿಲಿಂಡರ್ ಮಾಡುವ ಕಾರ್ಖಾನೆಗಳೂ ಇವೆ. ನಡೆಯುವ ಯಂತ್ರದ ಕಾಲಿಗೆ ಬೇಕಾದ ಸ್ನಾಯು ಇದೇ ಹೈಡ್ರಾಲಿಕ್. ಅದೇ ಖಾನಾಪುರ ರಸ್ತೆಯಲ್ಲಿ, ಮಚ್ಛೆಯ ಬಳಿ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಅದರಾಚೆಗೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆನಾಡು. ಎರಕ, ವಿದ್ಯೆ, ಇಳಿಜಾರು ಮೂರೂ ಹೀಗೆ ಹತ್ತಿರ ಹತ್ತಿರ ಇರುವ ಊರುಗಳು ವಿರಳ. ಆದರೂ ಕೊನೆಯ ವರ್ಷದ ವಿದ್ಯಾರ್ಥಿಗೆ ತೋಟದ ಕಷ್ಟವನ್ನು ಹೇಳುವವರು ಯಾರು? ನಾವು ಹೇಳದಿದ್ದರೆ ಅವನು ಜಪಾನಿನ ಚಿತ್ರ ನೋಡಿಯೇ ಯಂತ್ರ ಕಟ್ಟಿಯಾನು.

ಆದ್ದರಿಂದ ನನ್ನ ಸಲಹೆ ಇಷ್ಟು. ನಮ್ಮಂಥ ಸಹಕಾರ ಸಂಘಗಳು ಕಾಲೇಜುಗಳಿಗೆ ಒಂದು ಪುಟದ ಪತ್ರ ಬರೆಯಲಿ. 50 ಕಿಲೋ ಗೊಬ್ಬರದ ಚೀಲವನ್ನು ಕಡಿದಾದ ಕಾಲುದಾರಿಯಲ್ಲಿ ಒಯ್ಯಬೇಕು. ಯಂತ್ರವನ್ನು ಇಬ್ಬರು ಎತ್ತುವಂತಿರಬೇಕು. ಎಂಜಿನ್ ನಿಂತರೂ ಮಗುಚಬಾರದು. ಕೆಟ್ಟರೆ ತಾಲ್ಲೂಕು ಕೇಂದ್ರದ ವರ್ಕ್‌ಶಾಪಿನಲ್ಲೇ ರಿಪೇರಿಯಾಗಬೇಕು. ಇಷ್ಟನ್ನು ಕೇಳೋಣ. ಇಡೀ ಯಂತ್ರ ಬೇಡ, ಮೊದಲು ಒಂದೇ ಒಂದು ಕಾಲು ಮಾಡಿ, ಒಂದು ಮಳೆಗಾಲ ಕೆಸರಿನಲ್ಲಿ ಆಡಿಸಿ ತೋರಿಸಿ ಎನ್ನೋಣ. ಪರೀಕ್ಷೆಗೆ ಸದಸ್ಯರೊಬ್ಬರ ತೋಟದ ನಾಲ್ಕು ಗುಂಟೆ ಇಳಿಜಾರು ಬಿಟ್ಟುಕೊಡೋಣ. ಪರೀಕ್ಷೆ ಮಾಡುವವನಿಗೆ ವಿಮೆ ಮಾಡಿಸದೆ ಯಾರನ್ನೂ ಯಂತ್ರದ ಮೇಲೆ ಕೂರಿಸಬಾರದು.

ಇದಕ್ಕೆ ಬೇಕಾಗುವ ಹಣ ದೊಡ್ಡದಲ್ಲ. ಬೇಕಾದದ್ದು ನಮ್ಮ ಗಮನ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವನ ಮನೆಯಲ್ಲಿ ಮಗ ಮರ ಏರಲು ಒಪ್ಪದಿದ್ದರೆ ಅವನನ್ನು ದೂರುವ ಹಕ್ಕು ನಮಗಿಲ್ಲ. ಬರುವ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯವನ್ನು ಎತ್ತಿ ಚರ್ಚಿಸಬೇಕೆಂದು ಕೋರುತ್ತೇನೆ.