ಸಿಗದ ಕುರ್ಚಿಯಿಂದ ಜಡ್ಜನ್ನ ಅಳೆಯಬೇಡಿ

"ಸುಪ್ರೀಂ ಕೋರ್ಟಿಗೆ ಹೋಗದ ಅತಿ ದೊಡ್ಡ ನ್ಯಾಯಾಧೀಶ" ಅಂತ ಅಮೆರಿಕದಲ್ಲಿ ಲರ್ನೆಡ್ ಹ್ಯಾಂಡ್ ಅವರನ್ನ ಹೊಗಳ್ತಾರೆ. ನನಗೆ ಈ ಹೊಗಳಿಕೆ ಕೇಳಿದರೇ ಕಿರಿಕಿರಿ. ಸಿಗದೇ ಹೋದ ಒಂದು ಕುರ್ಚಿಯಿಂದ ಇಡೀ ವೃತ್ತಿಬದುಕನ್ನ ಅಳೆಯೋದು ಯಾವ ನ್ಯಾಯ ಗೆಳೆಯರೆ?

1909ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಫೆಡರಲ್ ಜಿಲ್ಲಾ ಜಡ್ಜ್ ಆದರು. 1917ರಲ್ಲಿ ಎಲ್ಲೆಲ್ಲೂ ಮಹಾಯುದ್ಧದ ಜ್ವರ. 'ದಿ ಮಾಸಸ್' ಅನ್ನೋ ಎಡಪಂಥೀಯ ಪತ್ರಿಕೆ ಯುದ್ಧವನ್ನ ವಿರೋಧಿಸ್ತಿತ್ತು. ಹೊಸ ಬೇಹುಗಾರಿಕೆ ಕಾಯ್ದೆ ತೋರಿಸಿ ಅಂಚೆಯವರು ಅದನ್ನ ಸಾಗಿಸಲ್ಲ ಅಂದರು. ಹ್ಯಾಂಡ್ ಅಡ್ಡ ನಿಂತರು. ಕಾನೂನು ಮುರೀರಿ ಅಂತ ನೇರವಾಗಿ ಪ್ರಚೋದಿಸೋದು ಬೇರೆ, ಕಟುವಾಗಿ ಟೀಕಿಸೋದು ಬೇರೆ ಅಂತ ಬರೆದರು. ಅದೇ ವರ್ಷ ಮೇಲ್ಮನವಿ ಕೋರ್ಟು ಆ ತೀರ್ಪನ್ನ ರದ್ದು ಮಾಡಿತು. ಆ ಕೋರ್ಟಿಗೇ ಬಡ್ತಿ ಬಯಸಿದ್ದ ಹ್ಯಾಂಡ್‌ರನ್ನ ಬಿಟ್ಟು, 1918ರಲ್ಲಿ ಮಾರ್ಟಿನ್ ಮ್ಯಾಂಟನ್‌ರನ್ನ ಕೂರಿಸಿದರು. ಇದೇ ಮ್ಯಾಂಟನ್ 1939ರಲ್ಲಿ ಲಂಚದ ಕೇಸಿನಲ್ಲಿ ಅಪರಾಧಿ ಅಂತಾಗಿ ಜೈಲು ಸೇರಿದರು! ಬಡ್ತಿಯೇ ಯೋಗ್ಯತೆಯ ಗುರುತು ಅನ್ನೋರು ಇದಕ್ಕೇನಂತಾರೋ...

1924ರಲ್ಲಿ ಕೊನೆಗೂ ಹ್ಯಾಂಡ್ ಅಲ್ಲಿಗೆ ಬಂದರು. ಅಭಿಮಾನಿಗಳು ಇಲ್ಲಿಂದ ಮುಂದೆ ಬರೀ ಭಜನೆ ಮಾಡ್ತಾರೆ. ನಾನು 1950ನ್ನ ನೆನಪಿಸ್ತೀನಿ. ಕಮ್ಯುನಿಸ್ಟ್ ಪಕ್ಷದ 11 ಮುಖಂಡರಿಗೆ ಶಿಕ್ಷೆಯಾಗಿತ್ತು. ಬಾಂಬ್ ಹಾಕಿದ್ದಕ್ಕಲ್ಲ, ಸರ್ಕಾರವನ್ನ ಬಲದಿಂದ ಉರುಳಿಸಬೇಕು ಅಂತ ಬೋಧಿಸೋಕೆ ಸಂಚು ಮಾಡಿದರು ಅಂತ. 78ರ ಹ್ಯಾಂಡ್ ಆ ಶಿಕ್ಷೆಯನ್ನ ಎತ್ತಿಹಿಡಿದರು. ಕೇಡು ಎಷ್ಟು ದೊಡ್ಡದು, ಅದು ನಡೆಯೋ ಸಂಭವ ಎಷ್ಟು ಅಂತ ತೂಗಿ ನೋಡಬೇಕಂತೆ. ತಕ್ಕಡಿಗೆ ಭಯವನ್ನ ಹಾಕಿದ ಮೇಲೆ ಅದು ಯಾವ ಕಡೆ ವಾಲುತ್ತೆ ಅಂತ ಹೇಳಬೇಕಾ?

"ಸುಪ್ರೀಂ ಕೋರ್ಟಿನ ಹಳೇ ತೀರ್ಪುಗಳು ಕೈ ಕಟ್ಟಿಹಾಕಿದ್ದವು" ಅನ್ನೋ ಸಮಜಾಯಿಷಿ ಇದೆ. ಕೈ ಕಟ್ಟಿತ್ತು ಅಂತಲೇ ಇಟ್ಕೊಳ್ಳೋಣ. ಆದರೆ ಆ ತಕ್ಕಡಿ ಸೂತ್ರ ಹ್ಯಾಂಡ್ ಅವರೇ ಹೊಸೆದದ್ದು. 1951ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೇ ಅದನ್ನ ಎರವಲು ಪಡೆದರು!

ಹ್ಯಾಂಡ್ 1961ರಲ್ಲಿ ತೀರಿಕೊಂಡರು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ರಾಂಡನ್‌ಬರ್ಗ್ ಕೇಸಿನಲ್ಲಿ ಪ್ರಚೋದನೆಯನ್ನೇ ಗಡಿಯಾಗಿ ಹಿಡಿಯಿತು, ಅಂದರೆ 1917ರ ಹ್ಯಾಂಡ್ ಹತ್ತಿರಕ್ಕೆ ಬಂತು. 2015ರಲ್ಲಿ ನಮ್ಮ ಸುಪ್ರೀಂ ಕೋರ್ಟು 66ಎ ಕಲಮನ್ನ ಹೊಡೆದುಹಾಕುವಾಗಲೂ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಬೇರೆ ಬೇರೆ ಮಾಡಿಯೇ ನೋಡಿತು. ಅಂತರ್ಜಾಲದಲ್ಲಿ ಗೀಚುವ ನಮಗೆಲ್ಲ ಆ ಗೆರೆಯೇ ಕಾವಲು.

ಅದಕ್ಕೇ ಹೇಳೋದು, ಯಾವ ಕುರ್ಚಿ ಸಿಗಲಿಲ್ಲ ಅಂತ ಕನಿಕರ ಪಡೋದು ಬಿಡಿ. ಊರೆಲ್ಲ ಹೆದರಿದ್ದಾಗ ಆ ಜಡ್ಜ್ ಏನು ಬರೆದರು ಅಂತ ಕೇಳಿ. ಹ್ಯಾಂಡ್ ಒಂದು ಸಲ ಪಾಸು, ಒಂದು ಸಲ ಫೇಲು. ನೀವೇನಂತೀರಿ?