ಬಡವರ ಬೀದಿಗೆ ಬಣ್ಣವಿಲ್ಲವೇ?

ಛಾಯಾಚಿತ್ರ ಪ್ರದರ್ಶನಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ವಿಚಿತ್ರವೊಂದಿದೆ. ಅರಮನೆ, ಮದುವೆ, ಜಾತ್ರೆಗಳು ಬಣ್ಣದಲ್ಲಿ. ಬೀದಿಯ ಕೂಲಿಕಾರ, ಸಂತೆಯ ಮುದುಕಿ ಕಪ್ಪು-ಬಿಳುಪಿನಲ್ಲಿ. ಬಣ್ಣ ತೆಗೆದರೆ ಗಾಂಭೀರ್ಯ ಬರುತ್ತದಂತೆ!

ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳ ಮೇಲೆ ನಮಗೂ ಗೌರವವಿದೆ. ಅವರ ಕಾಲದ ಪತ್ರಿಕೆಗಳು ಹೆಚ್ಚಾಗಿ ಅಚ್ಚಾಗುತ್ತಿದ್ದುದೇ ಹಾಗೆ. ಇಂದು ಬಣ್ಣದಲ್ಲೇ ತೆಗೆದು, ಆಮೇಲೆ ಅಳಿಸುವವರಿಗೆ ಆ ಅನಿವಾರ್ಯತೆ ಎಲ್ಲಿದೆ?

ರಘುಬೀರ್ ಸಿಂಗ್ (1942–1999) ಅವರು ಕಪ್ಪು-ಬಿಳುಪಿನ ಗುರು ಹೆನ್ರಿ ಕಾರ್ತಿಯೇ-ಬ್ರೆಸ್ಸನ್ ಕೆಲಸ ಮಾಡುವುದನ್ನು 1966ರಲ್ಲಿ ಜೈಪುರದಲ್ಲಿ ಕಣ್ಣಾರೆ ಕಂಡವರು. ಗುರುವಿನಿಂದ ನೋಟ ಕಲಿತರು, ದಾರಿ ಮಾತ್ರ ತಮ್ಮದೇ ಹಿಡಿದರು. ಭಾರತದ ಬದುಕಿಗೆ ಬಣ್ಣ ಮೇಲಿನ ಲೇಪವಲ್ಲ, ಒಳಗಿನ ಜೀವ ಎಂದು ವಾದಿಸಿ ಬಣ್ಣದಲ್ಲೇ ದುಡಿದರು.

ಬಣ್ಣ ಬಡತನವನ್ನು ಚೆಂದಗಾಣಿಸುತ್ತದೆ ಎಂಬ ಆಕ್ಷೇಪವಿದೆ. ಕಪ್ಪು-ಬಿಳುಪು ಅದನ್ನೇ ಚೆಂದದ ದುಃಖವಾಗಿಸುವುದಿಲ್ಲವೇ?

ಬೆಳಕು-ನೆರಳೇ ಮಾತಾಡುವಲ್ಲಿ ಕಪ್ಪು-ಬಿಳುಪು ಇರಲಿ, ಬೇಡವೆನ್ನುವುದಿಲ್ಲ. ಆದರೆ ಸಂತೆಗೆ ಹೊರಟ ಮುದುಕಿ ತನ್ನ ಹಸಿರು ಬಳೆಯನ್ನು ತಾನೇ ಆರಿಸಿ ತೊಟ್ಟಿದ್ದಾಳೆ. ನೋಡುವವರ ಮರುಕಕ್ಕಾಗಿ ಅದನ್ನು ಬೂದಿಯ ಬಣ್ಣ ಮಾಡುವ ಹಕ್ಕನ್ನು ನಮಗೆ ಕೊಟ್ಟವರು ಯಾರು?