ಗೇಮಿಂಗ್ ಲ್ಯಾಪ್‌ಟಾಪಿನ ಬಿಸಿಯೂ ಕೊಳ್ಳುವವರ ಅವಸರವೂ

ಕೊಂಡು ಮೂರು ವರ್ಷ ತುಂಬುವಷ್ಟರಲ್ಲಿ ಗೇಮಿಂಗ್ ಲ್ಯಾಪ್‌ಟಾಪು ‘ಹಳೆಯದಾಯಿತು’ ಎಂಬ ತೀರ್ಮಾನಕ್ಕೆ ಬರುವ ಮನೆಗಳು ನಮ್ಮ ನಡುವೆ ಬೇಕಾದಷ್ಟಿವೆ. ಆಟ ತಡವರಿಸುತ್ತದೆ, ಫ್ಯಾನು ಹುಚ್ಚೆದ್ದು ಮೊರೆಯುತ್ತದೆ, ಕೀಲಿಮಣೆ ಮುಟ್ಟಿದರೆ ಬೆರಳು ಸುಡುತ್ತದೆ. ಅಂಗಡಿಗೆ ಒಯ್ದರೆ, ಇದಕ್ಕೆ ದುಡ್ಡು ಸುರಿಯುವ ಬದಲು ಹೊಸದನ್ನೇ ಕೊಳ್ಳಿ ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. 80,000 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ತೆತ್ತು, ಎಷ್ಟೋ ವೇಳೆ ತಿಂಗಳ ಕಂತಿನ ಮೇಲೆ ತಂದ ವಸ್ತು ಅದು. ಹಿರಿಯರು ಅದನ್ನು ಆಟದ ಪೆಟ್ಟಿಗೆಯೆಂದು ಹಳಿದರೂ, ಮಗಳ ಕಾಲೇಜಿನ ಪ್ರಾಜೆಕ್ಟು, ಮಗನ ವಿಡಿಯೊ ಸಂಕಲನ, ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಪುಟವಿನ್ಯಾಸ ಎಲ್ಲವೂ ಅದರಲ್ಲೇ ನಡೆಯುತ್ತವೆ. ಆದುದರಿಂದ ಅದರ ಆಯುಸ್ಸಿನ ಪ್ರಶ್ನೆ ಹುಡುಗರ ಹವ್ಯಾಸಕ್ಕಷ್ಟೇ ಸಂಬಂಧಿಸಿದ್ದೆಂದು ನಾವು ತಿಳಿಯುವುದಿಲ್ಲ. ಬಹುತೇಕ ಪ್ರಸಂಗಗಳಲ್ಲಿ ಅದಕ್ಕೆ ಮುಪ್ಪು ಬಂದಿರುವುದಿಲ್ಲ, ಉಸಿರು ಕಟ್ಟಿರುತ್ತದೆ ಎಂಬುದು ನಮ್ಮ ವಾದ.

ಒಂದಂಗುಲ ದಪ್ಪವೂ ಇಲ್ಲದ ಪೆಟ್ಟಿಗೆಯೊಳಗೆ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಚಿಪ್ಪು ಸೇರಿ 100ರಿಂದ 150 ವಾಟ್ ವಿದ್ಯುತ್ತನ್ನು ನುಂಗುತ್ತವೆ. ನುಂಗಿದ್ದೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಹಿಂದಿನ ಕಾಲದ ನೂರು ವಾಟಿನ ಬಲ್ಬನ್ನು ಕೈಯಿಂದ ಮುಟ್ಟಿ ಬಲ್ಲವರಿಗೆ ಇದು ಎಂಥ ಶಾಖವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಹೊರಗೆ ದಾಟಿಸಲು ಇರುವುದು ಕೆಲವು ತಾಮ್ರದ ಕೊಳವೆಗಳು, ತೆಳುವಾದ ಲೋಹದ ರೆಕ್ಕೆಗಳು, ಎರಡು ಪುಟ್ಟ ಫ್ಯಾನುಗಳು. ಇವು ಸೋತಾಗ ಚಿಪ್ಪು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ: ಇಂಟೆಲ್‌ನ ಬಹುಪಾಲು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ತಲಪಿದೊಡನೆ ವೇಗ ಇಳಿಸುತ್ತವೆ, ಗ್ರಾಫಿಕ್ಸ್ ಚಿಪ್ಪುಗಳು ಅದಕ್ಕಿಂತಲೂ ಮೊದಲೇ. ನಾವು ‘ನಿಧಾನವಾಯಿತು’ ಎನ್ನುವುದು ಬಹಳ ಸಲ ಈ ಆತ್ಮರಕ್ಷಣೆಯನ್ನೇ.

ಇದನ್ನು ಗುರುತಿಸಲು ಪಾಂಡಿತ್ಯ ಬೇಡ. ಆಟ ಮೊದಲ ಹತ್ತು ನಿಮಿಷ ಸರಾಗವಾಗಿ ಸಾಗಿ ಆಮೇಲೆ ಎಡವತೊಡಗಿದರೆ ದೋಷ ಶಾಖದ್ದು. ಮೊದಲ ನಿಮಿಷದಿಂದಲೇ ಕುಂಟುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು: ಸಾಲದ ಮೆಮೊರಿ, ಹಿನ್ನೆಲೆಯಲ್ಲಿ ಓಡುತ್ತಿರುವ ಹತ್ತಾರು ತಂತ್ರಾಂಶಗಳು, ಅಥವಾ ಚಾರ್ಜರು. ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ. 230 ವಾಟಿನ ಮೂಲ ಅಡಾಪ್ಟರು ಭಾರವೆಂದು ಮನೆಯಲ್ಲಿ ಬಿಟ್ಟು, ಫೋನಿಗೂ ಆಗುತ್ತದೆಂದು 65 ವಾಟಿನ ಟೈಪ್-ಸಿ ಚಾರ್ಜರನ್ನು ಸಿಕ್ಕಿಸಿದರೆ ಎಂಥ ಯಂತ್ರವೂ ಅರೆಹೊಟ್ಟೆಯಲ್ಲೇ ದುಡಿಯಬೇಕಾಗುತ್ತದೆ.

ಹವೆಯ ಮಾತನ್ನೂ ಇಲ್ಲಿ ಆಡಬೇಕು. ಅನೇಕ ತಯಾರಕರ ಕೈಪಿಡಿಗಳಲ್ಲಿ ಯಂತ್ರವನ್ನು ನಡೆಸಬಹುದಾದ ಗರಿಷ್ಠ ಉಷ್ಣತೆ 35 ಡಿಗ್ರಿ ಎಂದಿರುತ್ತದೆ. ದೆಹಲಿಯ ಮೇ ತಿಂಗಳು ನಲವತ್ತನ್ನು ಲೀಲಾಜಾಲವಾಗಿ ದಾಟುತ್ತದೆ. ಹೈದರಾಬಾದು, ಚೆನ್ನೈಗಳೂ ಹಿಂದೆ ಬೀಳುವುದಿಲ್ಲ. ಎಷ್ಟೇ ಒಳ್ಳೆಯ ಫ್ಯಾನಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದು ಬೀಸುವುದು ಅದೇ ಗಾಳಿಯನ್ನು ತಾನೆ! ಕೋಣೆ ಐದು ಡಿಗ್ರಿ ಕಾದರೆ, ಅದೇ ದುಡಿಮೆಗೆ ಚಿಪ್ಪೂ ಹೆಚ್ಚುಕಡಿಮೆ ಐದು ಡಿಗ್ರಿ ಕಾಯುತ್ತದೆ. ಧೂಳು ಕೂಡ ಊರಿಗೊಂದು ಬಗೆಯದು. ದೆಹಲಿಯದು ಒಣಗಿದ ಹುಡಿ, ಊದಿದರೆ ಹಾರುತ್ತದೆ. ಮುಂಬಯಿಯ ಕಡಲ ತೇವ ಕೂಡಿದ ಧೂಳು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಅಡುಗೆಮನೆ, ಮಲಗುವ ಕೋಣೆ ಒಂದಕ್ಕೊಂದು ಅಂಟಿಕೊಂಡ ಫ್ಲ್ಯಾಟಿನಲ್ಲಿ ಒಗ್ಗರಣೆಯ ಎಣ್ಣೆಹೊಗೆಯೂ ಅದರೊಡನೆ ಬೆರೆಯುತ್ತದೆ.

ಈ ಕಂಬಳಿ ಕೂಡುವ ಜಾಗ ಕಣ್ಣಿಗೆ ಬೀಳದ್ದು. ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವಿನ ಸಂದಿನಲ್ಲಿ ಅದು ಬೆಳೆಯುತ್ತದೆ. ಹೊರಗಿನ ಕಿಂಡಿಯಿಂದ ಗಾಳಿ ಊದಿದರೆ ಅದು ಹಿಂದಕ್ಕೆ ಸರಿದು ಫ್ಯಾನಿನ ಮೇಲೆಯೇ ಕೂರುತ್ತದೆ. ನಾಲ್ಕು ದಿನ ಹಾಯೆನಿಸಿ ಮತ್ತೆ ಮೊದಲಿನ ಸ್ಥಿತಿ. ಕೆಳಗಿನ ಮುಚ್ಚಳ ಬಿಚ್ಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮೆತ್ತನೆಯ ಬ್ರಷ್ಷಿನಿಂದ ಆ ಪದರವನ್ನು ಎತ್ತಿ ತೆಗೆಯುವುದೇ ಸರಿಯಾದ ಮಾರ್ಗ. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಮಿತಿಮೀರಿ ತಿರುಗಿದರೆ ಬೇರಿಂಗು ಕೆಡುತ್ತದೆ. ವರ್ಷಕ್ಕೊಮ್ಮೆ ಸಾಕು, ಧೂಳಿನ ಊರಿನಲ್ಲಿ ಎರಡು ಸಲ. ಆಯುಧಪೂಜೆಯಂದು ನಾವೆಲ್ಲರೂ ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮವಿಟ್ಟು, ಹೂವಿಟ್ಟು ಕೈಮುಗಿಯುತ್ತೇವೆ. ನಮ್ಮ ಅಜ್ಜಂದಿರು ಆ ದಿನ ಮಾಡುತ್ತಿದ್ದ ಮೊದಲ ಕೆಲಸ ನೇಗಿಲು, ಕುಡುಗೋಲುಗಳನ್ನು ತಿಕ್ಕಿ ತೊಳೆಯುವುದು. ಅದನ್ನು ಮರೆತು ಕುಂಕುಮವನ್ನಷ್ಟೇ ಉಳಿಸಿಕೊಂಡಿದ್ದೇವೆ. (ಆ ಕುಂಕುಮದ ಹುಡಿಯೂ ಕಿಂಡಿಯೊಳಗೆ ಹೋಗದಂತೆ ನೋಡಿಕೊಳ್ಳುವುದು ಲೇಸು.)

ಧೂಳು ತೆಗೆದ ಮೇಲೂ ಬಿಸಿ ತಗ್ಗದಿದ್ದರೆ ಚಿಪ್ಪಿಗೂ ತಾಮ್ರಕ್ಕೂ ನಡುವೆ ಬಳಿದ ಥರ್ಮಲ್ ಪೇಸ್ಟು ಒಣಗಿರಬೇಕು, ಇಲ್ಲವೇ ಕಾದು ತಣಿದು ಅಂಚಿಗೆ ಸರಿದಿರಬೇಕು. ಅದನ್ನು ಒರೆಸಿ ಹೊಸದನ್ನು ಹಚ್ಚುವುದು ನುರಿತವರಿಗೆ ಅರ್ಧ ಗಂಟೆಯ ಕೆಲಸ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೆಲವು ದುಬಾರಿ ಮಾದರಿಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ. ಗ್ಯಾಲಿಯಂ ಬೆರೆತ ಆ ವಸ್ತು ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒಂದು ಹನಿ ಜಾರಿದರೂ ಮದರ್‌ಬೋರ್ಡು ಹೋದಂತೆಯೇ. ಒಳಗೆ ಏನಿದೆಯೆಂದು ತಿಳಿಯದೆ ಬಿಚ್ಚತಕ್ಕದ್ದಲ್ಲ.

ದುಡ್ಡಿಲ್ಲದೆ ಆಗುವ ಸುಧಾರಣೆಗಳೂ ಇವೆ. ಹಿಂಬದಿಯನ್ನು ಎರಡು ಬೆರಳು ಎತ್ತರಿಸಿದರೆ ಅಡಿಯ ಕಿಂಡಿಗಳಿಗೆ ಗಾಳಿ ದೊರೆಯುತ್ತದೆ. ಹಾಸಿಗೆಯ ಮೇಲಿಟ್ಟು ಆಡುವುದು ಒಲೆಯ ಬಾಯಿ ಮುಚ್ಚಿ ಉರಿ ಹೊತ್ತಿಸಿದಂತೆ. ಆಟದ ಸೆಟ್ಟಿಂಗಿನಲ್ಲಿ ಫ್ರೇಮಿನ ಸಂಖ್ಯೆಗೆ ಮಿತಿ ಹಾಕಬಹುದು. ಕಥೆಯ ಜಾಡಿನಲ್ಲಿ ನಿಧಾನವಾಗಿ ಸಾಗುವ ಆಟಕ್ಕೆ ಸೆಕೆಂಡಿಗೆ 60 ಫ್ರೇಮು ಧಾರಾಳ; ಕಣ್ಣಿಗೆ ಬೇಡದ ಉಳಿದ ಎಪ್ಪತ್ತೆಂಬತ್ತನ್ನು ಯಂತ್ರ ಬೆವರಿಳಿಸಿ ಯಾಕೆ ಬಿಡಿಸಬೇಕು? ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಅನೇಕ ಇಂಟೆಲ್ ಯಂತ್ರಗಳಲ್ಲಿ ಟರ್ಬೊ ಓಟ ನಿಲ್ಲುತ್ತದೆ. ಆಟಕ್ಕೆ ಆಗುವ ನಷ್ಟ ಬಹಳ ವೇಳೆ ಅಲ್ಪ, ಇಳಿಯುವ ಬಿಸಿ ಗಣನೀಯ. ವೋಲ್ಟೇಜನ್ನೇ ಇಳಿಸುವುದು ಇನ್ನೂ ಸೊಗಸಾದ ಉಪಾಯ. ಚಿಪ್ಪಿನ ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ ಅಷ್ಟೇ ಇರುವಾಗ ವೋಲ್ಟೇಜು ಶೇಕಡಾ 10 ತಗ್ಗಿದರೆ ಖರ್ಚು ಲೆಕ್ಕದ ಮೇಲೆ ಶೇಕಡಾ 19ರಷ್ಟು ತಗ್ಗುತ್ತದೆ. ಆದರೆ 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಅನೇಕ ತಯಾರಕರು ಈ ಬಾಗಿಲಿಗೆ ಬೀಗ ಜಡಿದರು. ಕಾರಣ ನ್ಯಾಯವಾದದ್ದೇ, ಆದರೂ ಬಳಕೆದಾರನ ಕೈಯಿಂದ ಒಂದು ಒಳ್ಳೆಯ ಸಾಧನ ಜಾರಿತು.

‘ಗೇಮ್ ಬೂಸ್ಟರ್’ ಎಂಬ ಹೆಸರಿನ ತಂತ್ರಾಂಶಗಳನ್ನು ನಾವು ನಂಬುವುದಿಲ್ಲ. ಅವೇ ಹಿನ್ನೆಲೆಯಲ್ಲಿ ಕುಳಿತು ಮೆಮೊರಿ ತಿನ್ನುತ್ತವೆ. ಅದಕ್ಕೆ ತೆರುವ ಹಣದಲ್ಲಿ ಇನ್ನೊಂದು ರ‍್ಯಾಮ್ ಕಡ್ಡಿಯ ಕಡೆಗೆ ನೋಡುವುದು ಮೇಲು. ಒಂದೇ 8 ಜಿಬಿ ಕಡ್ಡಿಯೊಡನೆ ಮಾರಾಟವಾದ ಯಂತ್ರಕ್ಕೆ ಜೊತೆಯ ಕಡ್ಡಿ ಹಾಕಿದರೆ ಗಾತ್ರವೂ ಇಮ್ಮಡಿ, ದತ್ತಾಂಶ ಹರಿಯುವ ದಾರಿಯೂ ಎರಡು.

ಬ್ಯಾಟರಿಗೆ ಬಿಸಿಯೂ ಕೆಟ್ಟದ್ದು, ಸದಾ ತುಂಬಿಕೊಂಡಿರುವುದೂ ಕೆಟ್ಟದ್ದು. ದಿನವಿಡೀ ಪ್ಲಗ್ಗಿನಲ್ಲಿರುವ ಯಂತ್ರಕ್ಕೆ ಚಾರ್ಜಿನ ಮಿತಿಯನ್ನು ಶೇಕಡಾ 80ರ ಆಸುಪಾಸಿಗೆ ನಿಲ್ಲಿಸುವ ಆಯ್ಕೆಯನ್ನು ಅಸುಸ್, ಲೆನೊವೊ, ಎಂಎಸ್‌ಐ ಮೊದಲಾದವರು ಕೊಟ್ಟಿದ್ದಾರೆ. ಟಚ್‌ಪ್ಯಾಡು ಉಬ್ಬಿದಂತೆ ಕಂಡರೆ ಒಳಗೆ ಬ್ಯಾಟರಿ ಊದಿಕೊಂಡಿದೆಯೆಂದೇ ತಿಳಿದು ಆ ಕ್ಷಣ ಬಳಕೆ ನಿಲ್ಲಿಸಬೇಕು. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ.

ಇಷ್ಟೆಲ್ಲ ಹೇಳಿ ತಪ್ಪನ್ನು ಕೊಂಡವರ ತಲೆಗೇ ಕಟ್ಟುವುದು ನಮ್ಮ ಉದ್ದೇಶವಲ್ಲ. ಮಾರುವವರ ಲೆಕ್ಕವನ್ನೂ ಕೇಳಬೇಕು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ 35 ವಾಟಿನಿಂದ 115 ವಾಟಿನವರೆಗೆ ಎಷ್ಟನ್ನಾದರೂ ಉಣಿಸಬಹುದು. ಹೆಸರು ಒಂದೇ, ಚೀಟಿ ಒಂದೇ, ಕಸುವಿನಲ್ಲಿ ಅಜಗಜಾಂತರ. ಪೆಟ್ಟಿಗೆಯ ಮೇಲೆ ಚಿಪ್ಪಿನ ಹೆಸರು ಹೊಳೆಯುತ್ತದೆ. ವಾಟಿನ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ತಡಕಬೇಕು. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಬೇಕೆಂದು ನಮ್ಮ ಅಭಿಪ್ರಾಯ. ಎರಡನೆಯದು: ಮುಚ್ಚಳ ಬಿಚ್ಚಿ ಧೂಳು ತೆಗೆದರೆ ವಾರಂಟಿ ಉಳಿಯುತ್ತದೆಯೆ? ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿಯೇ ಒಂದು ಜಾಲತಾಣ ತೆರೆದಿದೆ. ಜಾಲತಾಣದಿಂದ ಹಕ್ಕು ಕೈಗೆ ಬಂದುಬಿಡುವುದಿಲ್ಲ, ದಿಟ. ಆದರೆ ಬಿಡಿಭಾಗ, ಕೈಪಿಡಿ, ನ್ಯಾಯವಾದ ದರ ಇವನ್ನು ದಾನವೆಂಬಂತೆ ಬೇಡಬೇಕಾಗಿಲ್ಲ ಎಂಬ ಮಾತಾದರೂ ಅಧಿಕೃತವಾಯಿತು.

ದುರಸ್ತಿಗೂ ಎಲ್ಲೆಯುಂಟು. 4 ಜಿಬಿ ಗ್ರಾಫಿಕ್ಸ್ ಮೆಮೊರಿಯ ಚಿಪ್ಪನ್ನು ಎಷ್ಟು ತಿಕ್ಕಿ ತೊಳೆದರೂ ಇಂದಿನ ಭಾರಿ ಆಟಗಳನ್ನು ಅದು ಹೊರಲಾರದು. ಅದನ್ನು ಬದಲಿಸಲೂ ಬಾರದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುಪಾಲು ಯಂತ್ರಗಳಿಗೆ ವಿಂಡೋಸ್ 11ರ ಬಾಗಿಲೂ ಇಲ್ಲ. ಅಂಥವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಬಹುದು. ಬರವಣಿಗೆಗೆ, ಹಳೆಯ ಆಟಗಳಿಗೆ ಅವು ಇನ್ನೂ ಗಟ್ಟಿಮುಟ್ಟಾಗಿವೆ.

ಸ್ವತಃ ಬಿಚ್ಚಲು ಕೈ ಅಳುಕುವವರಿಗೆ ನಮ್ಮ ಊರುಗಳಲ್ಲಿ ನೆರವಿಗೆ ಕೊರತೆಯಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್‌ಗಳ ಮಹಡಿಗಳಲ್ಲಿ, ಹೊಸದು ಮಾರುವ ಗಾಜಿನ ಅಂಗಡಿಗಳನ್ನು ದಾಟಿ ಒಳಗೆ ಹೋದರೆ, ದೀಪದ ಕೆಳಗೆ ಭೂತಗನ್ನಡಿ ಹಿಡಿದು ಕುಳಿತ ಕೈಗಾರರು ಸಿಗುತ್ತಾರೆ. ಯಂತ್ರವನ್ನು ಬಿಟ್ಟು ಬರದೆ ಎದುರಿಗೇ ಬಿಚ್ಚಿಸಿರಿ. ಯಾವ ಪೇಸ್ಟು ಹಚ್ಚುತ್ತಾರೆಂದು ಕೇಳಿರಿ. ಬಿಚ್ಚುವ ಮುಂಚೆ ಮತ್ತು ಮುಚ್ಚಿದ ಮೇಲೆ ಒಂದೇ ಆಟವನ್ನು ಇಪ್ಪತ್ತು ನಿಮಿಷ ಓಡಿಸಿ ಎರಡೂ ಸಲದ ಉಷ್ಣತೆಯನ್ನು ಬರೆದುಕೊಳ್ಳಿರಿ. ಹತ್ತು ಡಿಗ್ರಿ ಇಳಿದಿದ್ದರೆ ಕೊಟ್ಟ ಹಣ ಸಾರ್ಥಕ. ಇಳಿಯದಿದ್ದರೆ ಅಲ್ಲೇ ಕುಳಿತು ಇನ್ನೊಮ್ಮೆ ಬಿಚ್ಚಿಸಿರಿ, ಸ್ಕ್ರೂಗಳನ್ನು ಮಾತ್ರ ಎರಡೂ ಸಲ ಎಣಿಸಿಕೊಳ್ಳಿರಿ.